ಆಮೆಯ ಬೆನ್ನ ಮೇಲಿದ್ದ ಗಾಳಿ

ಬಂದರಿನ ಹಿಂದುಗಡೆ, ಹಗ್ಗದಂಗಡಿಗೂ ಮಂಜುಗಡ್ಡೆ ಕಾರ್ಖಾನೆಗೂ ನಡುವೆ ತಗಡಿನ ಮಾಡಿನ ಒಂದು ಕೋಣೆ. ಆ ಕೋಣೆಯಲ್ಲಿ ಅವಳು ಹದಿನೆಂಟು ವರ್ಷ ಗಾಳಿ ತುಂಬಿದಳು. ನೀರಿನಡಿಗೆ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಕಂಪ್ರೆಸರಿನಿಂದ ಗಾಳಿ ಒತ್ತಿ ಕೊಡುವುದು ಅವಳ ಕೆಲಸ. ಬೆಳಿಗ್ಗೆ ಏಳಕ್ಕೆ ಬಂದು ಸಿಮೆಂಟು ತೊಟ್ಟಿಗೆ ನೀರು ಬಿಡುವಳು. ತುಂಬುವಾಗ ಸಿಲಿಂಡರು ಕಾಯುತ್ತದೆ, ತಣ್ಣೀರಿನಲ್ಲಿ ನಿಲ್ಲಿಸಬೇಕು. ಕೊಳವೆ ಸಿಕ್ಕಿಸಿ, ಒತ್ತಡ ತೋರಿಸುವ ಮುಳ್ಳು ಇನ್ನೂರಕ್ಕೆ ಬರುವ ತನಕ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುವಳು. ಊರವರು ಅವಳನ್ನು ಗಾಳಿಯಕ್ಕ ಎನ್ನುತ್ತಿದ್ದರು. ಹೊಸಬರು ಯಾರಾದರೂ ಆ ಹೆಸರು ಕೇಳಿ, ಗಾಳಿ ಮೆಟ್ಟಿಕೊಂಡವಳೇನೋ ಎಂದು ಒಂದು ಹೆಜ್ಜೆ ಹಿಂದೆ ಸರಿದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಅವಳ ಗಂಡನನ್ನು ಎಲ್ಲರೂ ಆಮೆ ಎಂದೇ ಕರೆಯುತ್ತಿದ್ದರು. ನೆಲದ ಮೇಲೆ ಅವನು ನಿಧಾನ, ನೀರಿನಲ್ಲಿ ಇನ್ನೂ ನಿಧಾನ. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವ ಗಾಳಿಯನ್ನು ಅವನು ಒಂದು ಗಂಟೆ ಎಳೆಯುತ್ತಿದ್ದ. "ಉಸಿರಲ್ಲೂ ಜಿಪುಣ ಕಣೇ ನಾನು" ಎನ್ನುತ್ತಿದ್ದ. ಬಂದವರ ಎದುರು ಹೆಂಡತಿಯನ್ನು ತೋರಿಸಿ, "ಬೇರೆಯವರ ಹೆಂಡ್ತೀರು ಗಾಳಿ ಹಾಕಿದ್ರೆ ಗಂಡಂದಿರು ಮನೆ ಮಾರ್ತಾರೆ. ನನ್ನೋಳು ಗಾಳಿ ಹಾಕಿದ್ರೆ ನಾನು ನೀರಿಗೆ ಬೀಳ್ತೀನಿ, ಅಷ್ಟೇ ವ್ಯತ್ಯಾಸ" ಎಂದು ನಗಿಸುತ್ತಿದ್ದ. ಅದೇ ಮಾತನ್ನು ಅವಳು ಸಾವಿರ ಸಲ ಕೇಳಿರಬೇಕು. ಪ್ರತಿ ಸಲವೂ ಮೂಗು ಮುರಿದಿದ್ದಳು.

ಬಂದರಿನಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ ಹೋದರೆ, ಮೂವತ್ತು ಮೀಟರ್ ನೀರಿನ ಕೆಳಗೆ, ಅಜ್ಜಂದಿರ ಕಾಲದ ಯುದ್ಧದಲ್ಲಿ ಬಾಂಬು ಬಿದ್ದು ಮುಳುಗಿದ ಸರಕಿನ ಹಡಗೊಂದು ಪಕ್ಕಕ್ಕೆ ವಾಲಿ ಮಲಗಿತ್ತು. ಅದನ್ನು ನೋಡಲೆಂದೇ ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಅವರನ್ನು ಕೆಳಗೆ ಕರೆದೊಯ್ದು, ಸರಕಿನ ಕೋಣೆಯಲ್ಲಿ ಸಾಲಾಗಿ ನಿಂತ ಲಾರಿಗಳನ್ನು, ರಾಶಿ ಬಿದ್ದ ಸಿಪಾಯಿ ಬೂಟುಗಳನ್ನು, ಮುಚ್ಚಳ ತೆರೆಯದ ಔಷಧಿ ಬಾಟಲಿಗಳನ್ನು ತೋರಿಸಿ, ತಲೆ ಎಣಿಸಿ ಅಷ್ಟೂ ಜನರನ್ನು ಮೇಲೆ ತರುವುದು ಆಮೆಯ ಕೆಲಸ. ಅವನ ತಮ್ಮ, ಎಂದರೆ ಗಾಳಿಯಕ್ಕನ ಮೈದುನ, ಜೊತೆಗಾರ. ಮದುವೆ ಬೇಡವೆಂದು ಅಣ್ಣನ ಬಾಲ ಹಿಡಿದು ತಿರುಗುತ್ತಿದ್ದ ಹುಡುಗಾಟದ ಮನುಷ್ಯ. ಎಲ್ಲರ ಬಾಯಲ್ಲಿ ಮರಿಯಾಮೆ. ಮೂವರೂ ದುಡಿಯುತ್ತಿದ್ದ ಡೈವಿಂಗ್ ಅಂಗಡಿಯ ಮಾಲೀಕರು ಒಳ್ಳೆಯವರು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಮನೆಯಲ್ಲಿ ಅತ್ತೆ, ಅವಳು, ಅಣ್ಣತಮ್ಮಂದಿರು. ಮಕ್ಕಳಾಗಿರಲಿಲ್ಲ. ಆ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ.

ಹಡಗಿಗೂ ಒಂದು ಆಯುಸ್ಸು. ಎರಡು ದೊಡ್ಡ ಬಿರುಗಾಳಿ ಬಂದವು; ಮೊದಲನೆಯದಕ್ಕೆ ಕಂಬ ಮುರಿಯಿತು, ಎರಡನೆಯದಕ್ಕೆ ಅಟ್ಟ ಕುಸಿದು ಲಾರಿಗಳ ಮೇಲೆ ಕೂತಿತು. ಒಬ್ಬ ಗಿರಾಕಿಯ ಕಾಲು ತಗಡಿನ ಸಂದಿಯಲ್ಲಿ ಸಿಕ್ಕಿಕೊಂಡು ಜೀವ ಬಾಯಿಗೆ ಬಂದಿದ್ದೇ ತಡ, ಬಂದರಿನ ಕಚೇರಿಯವರು ಹಡಗಿನೊಳಕ್ಕೆ ಹೋಗಕೂಡದೆಂದು ಬೋರ್ಡು ತೂಗುಹಾಕಿದರು. ಹೊರಗಿನಿಂದ ತುಕ್ಕು ನೋಡಲು ಯಾರು ಬರುತ್ತಾರೆ? ಗಿರಾಕಿಗಳು ಕಡಿಮೆಯಾದರು. ಆಗ ಮಾಲೀಕರ ಕಣ್ಣು ಗುಹೆಯ ಮೇಲೆ ಬಿತ್ತು.

ಊರಾಚೆ ಗುಡ್ಡದ ಬುಡದಲ್ಲಿ ಪಾಳುಬಿದ್ದ ಸುಣ್ಣಕಲ್ಲಿನ ಕ್ವಾರಿ. ಅದರ ತಳದಲ್ಲಿ ಹಸಿರು ನೀರಿನ ಹೊಂಡ, ಹೊಂಡದ ಗೋಡೆಯಲ್ಲಿ ಒಂದಾಳು ನುಸುಳುವಷ್ಟು ಬಾಯಿ. ಒಳಗೆ ಪೂರ್ತಿ ನೀರು ತುಂಬಿದ ಗುಹೆ. ಅದು ಗುಡ್ಡದಡಿ ಹಾದು ಆಚೆ ಸಮುದ್ರಕ್ಕೆ ತೆರೆದುಕೊಳ್ಳುತ್ತದೆ ಎಂದು ಹಳಬರು ಹೇಳುತ್ತಿದ್ದರು. ಹಡಗು ಮುಳುಗಿದ ರಾತ್ರಿ ಹನ್ನೊಂದು ಜನ ಒಂದು ಪುಟ್ಟ ದೋಣಿಗೆ ಇಳಿದಿದ್ದರಂತೆ, ಬೆಳಗಾಗುವಾಗ ಗುಡ್ಡದ ಕಡೆ ಹುಟ್ಟು ಹಾಕುತ್ತಿದ್ದುದನ್ನು ಮೀನುಗಾರರು ಕಂಡಿದ್ದರಂತೆ, ಆಮೇಲೆ ದೋಣಿಯೂ ಇಲ್ಲ, ಜನರೂ ಇಲ್ಲ. ಆಮೆಗೆ ಇಂಥ ಕಥೆಗಳಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆದರೆ ಗಿರಾಕಿಗಳಿಗಾಗಿ ದಾರಿ ಗುರುತು ಮಾಡಲು ಹಗ್ಗ ಎಳೆಯುತ್ತಾ ಹೋದಾಗ, ಬಾಯಿಯಿಂದ ನೂರೈವತ್ತು ಮೀಟರ್ ಒಳಗೆ ಅವನಿಗೊಂದು ತಗಡಿನ ಲೋಟ ಸಿಕ್ಕಿತು. ಲೋಟದ ತಳದಲ್ಲಿ ಹಡಗಿನ ಅಡುಗೆಕೋಣೆಯ ತಟ್ಟೆಗಳ ಮೇಲೆ ಇದ್ದಂಥದ್ದೇ ಮುದ್ರೆ.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು.

"ಹನ್ನೊಂದು ಜನ ಕಣೇ. ಒಳಗೇ ಇದಾರೆ" ಎಂದ ಊಟಕ್ಕೆ ಕೂತಾಗ.

"ಇದ್ರೆ ಇರ್ಲಿ ಬಿಡಿ. ಅವರಿಗೇನು ಈಗ ಹಸಿವಾ, ಬಾಯಾರಿಕೆನಾ?"

"ಬಂದರಿನ ಸ್ಮಾರಕದ ಕಲ್ಲಲ್ಲಿ ಅವರ ಹೆಸರಿನ ಮುಂದೆ 'ಪತ್ತೆಯಿಲ್ಲ' ಅಂತ ಕೆತ್ತಿದಾರೆ. ಅದನ್ನ ಅಳಿಸ್ಬೇಕು."

"ನೀವು ಪತ್ತೆ ಇಲ್ದಂಗೆ ಹೋಗ್ಬೇಡಿ, ಸಾಕು" ಎಂದಳು ಅವಳು. ಹೆಂಡತಿಯರು ದಿನಬೆಳಗಾದರೆ ಆಡುವಂಥ ಮಾತು. ಮೈದುನ ನಕ್ಕ. ಅತ್ತೆ, "ಊಟದ ಹೊತ್ತಲ್ಲಿ ಎಂಥಾ ಮಾತು" ಎಂದು ಗದರಿದರು.

ವಾರಕ್ಕೊಮ್ಮೆ ಅಣ್ಣತಮ್ಮಂದಿರು ಗುಹೆಗೆ ಹೋಗತೊಡಗಿದರು. ತಮ್ಮ ಹಗ್ಗದ ತಿರುವಿನವರೆಗೆ ಹೋಗಿ ಅಲ್ಲಿ ದೀಪ ಹಿಡಿದು ಕಾಯುವುದು, ಅಣ್ಣ ಮುಂದೆ ಹೋಗಿ ಬರುವುದು. ಹೀಗೆ ಎರಡು ತಿಂಗಳು ನಡೆಯಿತು.

ಆ ದಿನ ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಅಂಥ ದಿನಗಳಿಗೆಂದು ಅಂಗಳದಲ್ಲಿ ಡೀಸೆಲ್ ಎಂಜಿನ್ನಿನ ಒಂದು ಹಳೇ ಕಂಪ್ರೆಸರು ಇತ್ತು. ಅದರದೊಂದು ನಿಯಮ. ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಎಂಜಿನ್ನಿನ ಹೊಗೆಯಿಂದ ದೂರ, ಗಾಳಿ ಬೀಸಿ ಬರುವ ಕಡೆಗೇ ಇರಬೇಕು. ಹೊಗೆ ಒಳಗೆ ಹೋದರೆ ಸಿಲಿಂಡರಿಗೆ ವಿಷ ತುಂಬಿದಂತೆಯೇ. ಮೇಲೆ ಬರೀ ತಲೆನೋವು ತರುವ ಹೊಗೆ, ನೀರಿನ ಕೆಳಗೆ ಮನುಷ್ಯನನ್ನು ಮಲಗಿಸಿಬಿಡುತ್ತದೆ. ಇದನ್ನು ಅವಳು ಹೊಸ ಕೆಲಸಗಾರರಿಗೆಲ್ಲ ಬಾಯಿಪಾಠ ಮಾಡಿಸುತ್ತಿದ್ದಳು. ಅವತ್ತೂ ಕೊಳವೆಯನ್ನು ಸರಿಯಾದ ಕಡೆಗೇ, ಹಗ್ಗದಂಗಡಿಯ ಗೋಡೆಯ ಮೇಲೆ ಇಟ್ಟಳು. ಮೂರು ಸಿಲಿಂಡರು ಸಿಕ್ಕಿಸಿದಳು, ಗಂಡನಿಗೆ ಎರಡು, ಮೈದುನನಿಗೆ ಒಂದು. ಎಂಜಿನ್ನು ಹೊಡೆದುಕೊಳ್ಳತೊಡಗಿತು.

ಮುಳ್ಳು ಅರ್ಧಕ್ಕಿಂತ ಮೇಲೇರಿದ ಹೊತ್ತಿಗೆ ಅತ್ತೆ ಬಂದರು. ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ, ಹೊತ್ತುಹೊತ್ತಿಗೆ ಔಷಧಿ ಬಿಡಬೇಕು. ಒಳಗೆ ಬೆಂಚಿನ ಮೇಲೆ ಅವರನ್ನು ಮಲಗಿಸಿ ಎರಡೂ ಕಣ್ಣಿಗೆ ಹನಿ ಬಿಟ್ಟಳು. ಹನಿ ಬಿಟ್ಟ ಮೇಲೆ ಒಂದಷ್ಟು ಹೊತ್ತು ಕಣ್ಣು ಮುಚ್ಚಿರಬೇಕಿತ್ತು. ಸುಮ್ಮನೆ ಮಲಗುವವರಲ್ಲ ಅತ್ತೆ, ಮಾತು ಶುರು ಮಾಡಿದರು. ನೆರೆಮನೆಯವಳ ಸೊಸೆ, ಅವಳ ತವರು, ಯಾವುದೋ ಮುರಿದ ಮದುವೆ. ಇವಳೂ ಕೂತು ಕೇಳಿದಳು. ಎಷ್ಟು ಹೊತ್ತು ಎಂದು ಆಮೇಲೆ ಅವಳು ಎಷ್ಟು ಲೆಕ್ಕ ಹಾಕಿದರೂ ಸಿಕ್ಕಲಿಲ್ಲ. ಹತ್ತು ನಿಮಿಷವೂ ಇರಬಹುದು, ಇಪ್ಪತ್ತೈದೂ ಇರಬಹುದು.

ಹೊರಗೆ ಬಂದಾಗ ಗಾಳಿ ದಿಕ್ಕು ಬದಲಿಸಿತ್ತು. ಎಂಜಿನ್ನಿನ ಹೊಗೆ ನೆಲದುದ್ದಕ್ಕೂ ತೆವಳಿ ಹಗ್ಗದಂಗಡಿಯ ಗೋಡೆಯನ್ನು ನೆಕ್ಕುತ್ತಿತ್ತು. ಅವಳು ಓಡಿಹೋಗಿ ಕೊಳವೆಯನ್ನು ಆಚೆ ಎಳೆದಳು. ಮುಳ್ಳು ಇನ್ನೂರರ ಹತ್ತಿರವಿತ್ತು. ಗಾಳಿ ಈಗಷ್ಟೇ ತಿರುಗಿತೋ, ಆಗಲೇ ತಿರುಗಿತ್ತೋ? ಎಲ್ಲ ಬಿಟ್ಟು ಹೊಸದಾಗಿ ತುಂಬಬೇಕೆಂದರೆ ಇನ್ನೊಂದು ಗಂಟೆ. ಬೀದಿಯಲ್ಲಿ ವ್ಯಾನು ಹಾರನ್ ಹೊಡೆಯಿತು.

"ಆಯ್ತೇನೇ?" ಎಂದು ಗಂಡ ಕೂಗಿದ.

"ಆಯ್ತು" ಎಂದಳು.

ಅದು ಅವರಿಬ್ಬರ ನಡುವಿನ ಕಡೆಯ ಮಾತು.

ಮಧ್ಯಾಹ್ನ ಎರಡಕ್ಕೆ ಮೈದುನ ಒಬ್ಬನೇ ಹೊಂಡದಿಂದ ಮೇಲೆ ಬಂದ. ತಿರುವಿನ ಹತ್ತಿರ ಕಾಯುತ್ತಿದ್ದಾಗ ತಲೆ ಸಿಡಿಯತೊಡಗಿತಂತೆ, ಹೊಟ್ಟೆ ತೊಳಸಿತಂತೆ, ಅಣ್ಣ ಬರುತ್ತಾನೆಂದು ಹಲ್ಲು ಕಚ್ಚಿ ನಿಂತು, ಆಮೇಲೆ ತಡೆಯಲಾರದೆ ಹೊರಟುಬಂದನಂತೆ. ದಡದಲ್ಲಿ ವಾಂತಿ ಮಾಡಿಕೊಂಡು ನೀರನ್ನೇ ನೋಡುತ್ತಾ ಕೂತ. ಅಣ್ಣ ಜಿಪುಣ, ಇಷ್ಟರಲ್ಲೇ ಬರುತ್ತಾನೆ ಎಂದು ಅರ್ಧ ಗಂಟೆ. ಆಮೇಲೆ ಫೋನು ಮಾಡಿದ.

ಅಗ್ನಿಶಾಮಕ ದಳದ ನಾಲ್ವರು ಮುಳುಗುಗಾರರು ಬಂದರು, ಮಾಲೀಕರೂ ಬಂದರು. ಇದ್ದಬದ್ದ ಸಿಲಿಂಡರೆಲ್ಲ ಬೇಕಾದವು. ಕರೆಂಟು ಬಂದಿದೆ, ಖಾಲಿಯಾದವನ್ನು ತುಂಬಿಸಿ ತಾ ಎಂದು ಅವಳನ್ನು ವ್ಯಾನಿನಲ್ಲಿ ವಾಪಸು ಕಳಿಸಿದರು. ಹತ್ತು ಸಿಲಿಂಡರು ಇಳಿಸುವಾಗ ಒಂದು ಮಿಕ್ಕವಕ್ಕಿಂತ ಭಾರವಾಗಿದೆ ಅನ್ನಿಸಿತು. ಮುಳ್ಳು ಸಿಕ್ಕಿಸಿ ನೋಡಿದಳು. ತೊಂಬತ್ತು. ಮೈದುನನ ಸಿಲಿಂಡರು. ಅರ್ಧಕ್ಕರ್ಧ ಗಾಳಿ ಇನ್ನೂ ಒಳಗೇ ಇತ್ತು, ಬೆಳಿಗ್ಗೆ ಅವಳೇ ತುಂಬಿದ್ದು. ಗಂಡನ ಬೆನ್ನ ಮೇಲಿರುವುದೂ ಅದೇ.

ವಾಲ್ವನ್ನು ಸ್ವಲ್ಪ ತಿರುಗಿಸಿ ಮೂಗು ಒಡ್ಡಿದಳು. ಕೋಣೆಯೆಲ್ಲ ಡೀಸೆಲ್ ನಾರುತ್ತಿತ್ತು, ಅವಳ ಕೈ ನಾರುತ್ತಿತ್ತು, ಸೆರಗು ನಾರುತ್ತಿತ್ತು. ಯಾವುದು ಯಾವುದರ ವಾಸನೆ ಎಂದು ಹೇಗೆ ಹೇಳುವುದು? ನಾಳೆ ಪೊಲೀಸರು ಬರುತ್ತಾರೆ, ಇದನ್ನು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಾರೆ, ಒಂದು ಕಾಗದ ಬರುತ್ತದೆ. ಆ ಕಾಗದದಲ್ಲಿ ಏನಿರುತ್ತದೋ? ಅವಳು ಕದ ಮುಂದೆ ಮಾಡಿ, ವಾಲ್ವನ್ನು ಪೂರ್ತಿ ತಿರುಗಿಸಿದಳು. ಗಾಳಿ ಕಿವಿ ಗುಯ್‌ಗುಡುವ ಹಾಗೆ ಹೊರಗೆ ನುಗ್ಗಿತು. ಸಿಲಿಂಡರಿನ ಕತ್ತಿನ ಮೇಲೆ ಬಿಳಿ ಮಂಜು ಕಟ್ಟಿತು. ಮುಗಿಯುವ ತನಕ ಅವಳು ಕಿವಿ ಮುಚ್ಚಿಕೊಂಡು ನಿಂತಿದ್ದಳು. ಆಮೇಲೆ ಅದನ್ನು ಮೂಲೆಗೆ ತಳ್ಳಿ, ಉಳಿದ ಒಂಬತ್ತನ್ನು ತುಂಬಿಸಿಕೊಂಡು ಹೊಂಡಕ್ಕೆ ಹೋದಳು.

ಮಾರನೆಯ ದಿನ ಬಂದ ತನಿಖೆ ಅಧಿಕಾರಿ ಸಣ್ಣಗೆ ಮಾತಾಡುವ ಮನುಷ್ಯ. ಮೂಲೆಯಲ್ಲಿದ್ದ ಸಿಲಿಂಡರಿಗೆ ಮುಳ್ಳು ಸಿಕ್ಕಿಸಿ ನೋಡಿದ, ಸೊನ್ನೆ. ವಾಲ್ವು ತೆರೆದೇ ಇತ್ತು.

"ಇದು ನಿಮ್ಮದಾ?" ಎಂದು ಮೈದುನನನ್ನು ಕೇಳಿದ.

"ಹೌದು ಸಾರ್."

"ಮೇಲೆ ಬಂದ್ಮೇಲೆ ವಾಲ್ವ್ ಮುಚ್ಚಿದ್ರಾ?"

ಮೈದುನ ತಲೆ ಎತ್ತಿ ನೆನಪು ಮಾಡಿಕೊಳ್ಳಲು ನೋಡಿದ. ಅವನ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. "ಮುಚ್ಚಿರ್ಬೇಕು... ಗೊತ್ತಿಲ್ಲ ಸಾರ್. ವಾಂತಿ ಬರ್ತಿತ್ತು. ಬಿಚ್ಚಿ ಎಸೆದೆ."

"ಗಾಳಿ ಕೆಟ್ಟಿತ್ತು ಅಂತ ನೀವೇ ಹೇಳ್ತೀರಿ, ಆ ಗಾಳಿನ ನೀವೇ ಬಿಟ್ಟಿದೀರಿ. ಅಣ್ಣನನ್ನ ಒಳಗೆ ಬಿಟ್ಟು ಬಂದೋರು ಹೇಳೋ ಕಾರಣ ಇದು ಅಂತ ನಾನು ಬರೆದ್ರೆ?"

ಗಾಳಿಯಕ್ಕ ಬಾಗಿಲ ಬಳಿ ನಿಂತಿದ್ದಳು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ.

ನಾಲ್ಕನೆಯ ದಿನ ಹುಡುಕಾಟ ನಿಲ್ಲಿಸಿದರು. ತಿರುವಿನಿಂದ ಎಂಬತ್ತು ಮೀಟರ್ ಮುಂದೆ ದಾರಿ ಕಿಟಕಿಯಷ್ಟು ಚಿಕ್ಕದಾಗುತ್ತದೆ. ಅದರಾಚೆ, ಕದಡಿದ ನೀರಿನಲ್ಲಿ, ಒಂದು ಜೊತೆ ಈಜುವ ರೆಕ್ಕೆಚಪ್ಪಲಿ ಕಂಡಿತೆಂದು ಒಬ್ಬ ಹೇಳಿದ. ಚಾವಣಿಯಿಂದ ಕಲ್ಲು ಉದುರುತ್ತಿತ್ತು. ಒಬ್ಬನಿಗಾಗಿ ಇನ್ನೊಬ್ಬನನ್ನು ಕಳೆದುಕೊಳ್ಳಲಾರೆವು ಎಂದು ದಳದ ಮುಖ್ಯಸ್ಥ ಕೈಚೆಲ್ಲಿದ. ಗುಹೆಯ ಬಾಯಿಗೆ ಕಬ್ಬಿಣದ ಸರಳು ಬಡಿದು ಬೀಗ ಹಾಕಿದರು. ವರದಿಯಲ್ಲಿ, ಜೊತೆಗಾರನ ಅಜಾಗರೂಕತೆ, ಸಾಕ್ಷ್ಯ ಕಾಪಾಡದೆ ಇದ್ದದ್ದು ಎಂದು ಬರೆದು, ಮೈದುನನ ಡೈವರ್ ಕಾರ್ಡನ್ನು ಶಾಶ್ವತವಾಗಿ ಕಿತ್ತುಕೊಂಡರು. ಗಾಳಿಯ ಬಗ್ಗೆ ಒಂದೇ ಸಾಲು, 'ನಿರ್ಧರಿಸಲಾಗಲಿಲ್ಲ.'

ಅತ್ತೆ ಕಿರಿಯ ಮಗನಿಗೆ ಒಂದೇ ಒಂದು ಮಾತು ಕೇಳಿದರು. "ತಲೆನೋವು ಅಂತ ಬಂದ್ಯಾ?" ಆಮೇಲೆ ಅವನ ಕೂಡೆ ಮಾತು ಬಿಟ್ಟರು. ಅವನು ಪೆಟ್ಟಿಗೆ ಎತ್ತಿಕೊಂಡು ಬಂದರಿನ ಬಳಿ ಬಾಡಿಗೆ ಕೋಣೆ ಹಿಡಿದ. ಕಾರ್ಡಿಲ್ಲದ ಮುಳುಗುಗಾರನಿಗೆ ಯಾರು ಕೆಲಸ ಕೊಡುತ್ತಾರೆ? ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಹೊರುವ ಕೆಲಸಕ್ಕೆ ಸೇರಿದ. ಅಂಗಡಿಗೆ ತಾಗಿಕೊಂಡೇ ಇದ್ದ ಗೋಡೆ. ಆಚೆ ಅವನು ಗಡ್ಡೆ ಎಳೆಯುವ ಕೊಕ್ಕೆಯ ಸದ್ದು ಈಚೆ ಅವಳಿಗೆ ದಿನವಿಡೀ ಕೇಳುತ್ತಿತ್ತು. ಹತ್ತು ಗಂಟೆಗೆ ಅವಳು ಅವನಿಗೆ ಚಹಾ ಕಳಿಸುವಳು. ಒಂದು ದಿನವೂ ತಪ್ಪಿಸಲಿಲ್ಲ. ಲೋಟ ತೊಳೆದು ಕಿಟಕಿಯಲ್ಲಿಟ್ಟು ಹೋಗುವನು. ಎರಡು ವರ್ಷದಲ್ಲಿ ಅವನ ಬೆನ್ನು ಬಾಗಿತು, ಕುಡಿತ ಹತ್ತಿಕೊಂಡಿತು. ಮರಿಯಾಮೆ ಎಂದು ಈಗ ಯಾರೂ ಕರೆಯುತ್ತಿರಲಿಲ್ಲ.

ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ಜನ ಏನಾದರೂ ಊಹಿಸಿಯಾರು ಎಂಬ ಭಯ ಮೊದಲು, ಆಮೇಲೆ ಬೇರೆ ಏನೂ ಬಾರದೆಂಬ ಸತ್ಯ. ಡೀಸೆಲ್ ಎಂಜಿನ್ನನ್ನು ಮಾಲೀಕರು ಗುಜರಿಗೆ ಹಾಕಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಳ್ಳನ್ನು ನೋಡುತ್ತಾ ಕೂರುವಳು, ತುಂಬಿದ ಪ್ರತಿ ಸಿಲಿಂಡರಿಗೂ ಮೂಗು ಹಚ್ಚಿ ನೋಡುವಳು. ಬರೀ ಮೂಗಿಗೆ ಆ ವಿಷ ತಿಳಿಯುವುದೇ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ವರ್ಷ ಅವಳು ಮುಳುಗುವುದನ್ನು ಕಲಿತಳು. ಅಷ್ಟು ವರ್ಷ ಗಾಳಿ ತುಂಬಿ ಕೊಟ್ಟವಳು ಒಂದು ದಿನವೂ ಆ ಗಾಳಿಯನ್ನು ತಾನು ಎಳೆದು ನೋಡಿರಲಿಲ್ಲ; ನೀರೆಂದರೆ ಅವಳಿಗೆ ಹೆದರಿಕೆ. "ಈ ವಯಸ್ಸಲ್ಲಿ ಯಾಕಮ್ಮಾ?" ಎಂದು ಮಾಲೀಕರು ಕೇಳಿದರು, ಆದರೂ ಕಲಿಸಿದರು. ಆರು ತಿಂಗಳ ಮೇಲೆ ಅವಳನ್ನು ಹಡಗಿಗೆ ಕರೆದೊಯ್ದರು. ಗಂಡ ಹತ್ತು ವರ್ಷ ಬಾಯಿ ಚಪ್ಪರಿಸಿಕೊಂಡು ವರ್ಣಿಸಿದ್ದ ಜಾಗ. ಹಗ್ಗ ಹಿಡಿದು ಇಳಿದಳು. ಕಿವಿ ಒಡೆದುಹೋಗುವಂಥ ನೋವು. ಕೆಳಗೆ ನೀರು ಕಲಗಚ್ಚಿನಂತಿತ್ತು; ಒಂದು ತುಕ್ಕಿನ ಗೋಡೆ, ಅದರಲ್ಲೊಂದು ತೂತು, ತೂತಿನೊಳಗೆ ಕತ್ತಲು. ಒಂದು ಬೂಟು ಮಾತ್ರ ಕಂಡಿತು, ಅದರೊಳಗೆ ಏಡಿ ಸೇರಿಕೊಂಡಿತ್ತು. ಅವನು ಇಲ್ಲಿ ಏನನ್ನು ನೋಡುತ್ತಿದ್ದ ಎಂದು ಅವಳು ನಾಲ್ಕೂ ಕಡೆ ದೀಪ ಆಡಿಸಿದಳು. ಏನೂ ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಮೇಲೆ ಬಂದ ಮೇಲೆ ಮಾಲೀಕರು, "ಹೇಗಿತ್ತಮ್ಮಾ?" ಎಂದರು. "ಚಳಿ" ಎಂದಳು. ಗುಹೆಗೆ ಹೋಗುವಷ್ಟು ಕಲಿಯಲು ಇನ್ನೂ ನಾಲ್ಕೈದು ವರ್ಷ ಬೇಕು, ಅದೂ ಈ ಕಿವಿಯಿಟ್ಟುಕೊಂಡು ಆಗದ ಮಾತು ಎಂದು ಡಾಕ್ಟರು ಹೇಳಿದರು. ಅಲ್ಲಿಗೆ ಅದೂ ಮುಗಿಯಿತು.

ಏಳನೆಯ ವರ್ಷ ಊರಿಗೆ ನಕ್ಷೆ ಮೇಷ್ಟ್ರು ಬಂದರು. ನಿವೃತ್ತ ಭೂಗೋಳ ಮೇಷ್ಟ್ರು, ಕಡ್ಡಿಯಂಥ ಆಳು, ಕನ್ನಡಕವನ್ನು ದಾರದಿಂದ ಕುತ್ತಿಗೆಗೆ ಕಟ್ಟಿಕೊಂಡಿದ್ದರು. ನೀರು ತುಂಬಿದ ಗುಹೆಗಳ ನಕ್ಷೆ ಬರೆಯುವುದು ಅವರ ಹುಚ್ಚು. ಇಬ್ಬರು ಜೊತೆಗಾರರು, ಸರಳಿನ ಬೀಗ ತೆಗೆಸಲು ಬೇಕಾದ ಅಪ್ಪಣೆ ಪತ್ರ, ಎಲ್ಲ ತಂದಿದ್ದರು. ಸಿಲಿಂಡರು ತುಂಬಿಸಲು ಅಂಗಡಿಗೆ ಬಂದಾಗ ಗಾಳಿಯಕ್ಕ ಅವರನ್ನು ತಡೆದು ನಿಲ್ಲಿಸಿದಳು.

"ಒಳಗೆ ನಮ್ಮೋರು ಇದಾರೆ."

"ಗೊತ್ತಮ್ಮಾ. ಸಾಧ್ಯವಾದ್ರೆ ತರ್ತೀವಿ."

"ಅವರ ಸಿಲಿಂಡರ್ ಎರಡಿವೆ. ಅದೂ ಬೇಕು. ವಾಲ್ವ್ ಯಾರೂ ಮುಟ್ಬಾರ್ದು."

ಮೇಷ್ಟ್ರು ಅವಳ ಮುಖ ನೋಡಿದರು. ಯಾಕೆಂದು ಕೇಳಲಿಲ್ಲ. "ಮುಟ್ಟಲ್ಲ" ಎಂದರು.

ಒಂಬತ್ತು ದಿನ ಅವರು ಹೋಗಿಬಂದರು. ಆ ಒಂಬತ್ತು ದಿನವೂ ಗಾಳಿಯಕ್ಕ ತುತ್ತು ನುಂಗಿದ್ದೇ ಕಡಿಮೆ. ಪರೀಕ್ಷೆಯಲ್ಲಿ ವಿಷ ಎಂದು ಬಂದರೆ ಅಧಿಕಾರಿಯ ಬಳಿ ಹೋಗಿ ಎಲ್ಲ ಹೇಳಿಬಿಡುವುದು. ಅಲ್ಲ ಎಂದು ಬಂದರೂ ಮೈದುನನ ಕಾಲು ಹಿಡಿದು, ನಿನ್ನ ವಾಲ್ವು ಬಿಚ್ಚಿದ್ದು ನಾನು ಎಂದು ಹೇಳುವುದು. ಹೇಗೇ ಬಂದರೂ ಹೇಳುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು.

ಹತ್ತನೆಯ ದಿನ ಮಧ್ಯಾಹ್ನ ಆಮೆಯನ್ನು ಮೇಲೆ ತಂದರು. ಹಳದಿ ಚೀಲದಲ್ಲಿ, ಇಬ್ಬರು ಸಲೀಸಾಗಿ ಎತ್ತುವಷ್ಟು. ಅತ್ತೆ ಚೀಲದ ಮೇಲೆ ಕೈಯಿಟ್ಟು ಕೂತರು. ಮೈದುನ ಕ್ವಾರಿಯ ಮೇಲಂಚಿನಲ್ಲೇ ನಿಂತಿದ್ದ, ಕೆಳಗೆ ಇಳಿಯಲಿಲ್ಲ.

ಸಿಲಿಂಡರುಗಳನ್ನು ಅಂಗಡಿಯ ಅಂಗಳಕ್ಕೆ ತಂದರು. ಸುಣ್ಣ ಕಟ್ಟಿ ಬಿಳಿಚಿಕೊಂಡಿದ್ದವು. ಮೇಷ್ಟ್ರೇ ಮುಳ್ಳು ಸಿಕ್ಕಿಸಿ ನೋಡಿದರು. ಮುಳ್ಳು ಅಲುಗಲಿಲ್ಲ. ಎರಡನೆಯದಕ್ಕೆ ಸಿಕ್ಕಿಸಿದರು. ಅದೂ ಅಷ್ಟೇ.

"ಖಾಲಿ" ಎಂದರು.

"ಹಾಗಂದ್ರೆ?" ಎಂದಳು ಅವಳು. "ಪೂರ್ತಿ ಗಾಳಿ ಎಳೆದ್ಮೇಲೆ ಹೋದ್ರು ಅಂತ ತಾನೇ? ದಾರಿ ತಪ್ಪಿ, ಗಾಳಿ ಮುಗಿದು. ಹಾಗೇ ತಾನೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳಲು ಬಾರದ ಜಾತಿಯ ಮನುಷ್ಯ. "ಹಾಗೂ ಇರಬಹುದು. ಇನ್ನೊಂದು, ರಬ್ಬರೆಲ್ಲ ಕೊಳೆತಿದೆ ನೋಡಿ. ವಾಲ್ವ್ ತೆರೆದೇ ಇತ್ತು. ಒಳಗೆ ಗಾಳಿ ಮಿಕ್ಕಿದ್ರೂ ಏಳು ವರ್ಷದಲ್ಲಿ ಗುಳ್ಳೆಗುಳ್ಳೆಯಾಗಿ ಹೋಗಿರುತ್ತೆ. ಯಾವುದು ಅಂತ ಯಾರೂ ಹೇಳಕ್ಕಾಗಲ್ಲ."

"ಯಾರೂ?"

"ಯಾರೂ ಇಲ್ಲಮ್ಮಾ. ಮೂಳೆಯಿಂದ ಅದು ತಿಳಿಯಲ್ಲ."

ಆಮೆಯ ಮುಖ ಹೊರದಾರಿಯ ಕಡೆಗಿತ್ತು ಎಂದರು. ಹಗ್ಗ ಕೈಯಳತೆಯಲ್ಲೇ ಇತ್ತು, ಹಿಡಿದಿರಲಿಲ್ಲ. ಮಣಿಕಟ್ಟಿಗೆ ಬರೆಯುವ ಪುಟ್ಟ ಹಲಗೆ ಕಟ್ಟಿಕೊಂಡಿದ್ದ, ಅದರ ಮೇಲೆ ಏನೂ ಬರೆದಿರಲಿಲ್ಲ.

"ದೋಣಿ?" ಎಂದು ಮಾಲೀಕರು ಕೇಳಿದರು.

ದೋಣಿ ಇರಲಿಲ್ಲ. ಆ ಕಿಟಕಿಯಂಥ ಸಂದಿಯಿಂದಾಚೆ ಗುಹೆ ಇಪ್ಪತ್ತು ಹೆಜ್ಜೆಯಷ್ಟು ಮುಂದುವರಿದು ಬಂಡೆಗೆ ಕೊನೆಯಾಗುತ್ತದೆ. ಸಮುದ್ರದ ಕಡೆಯಿಂದ ನೀರು ಜಿನುಗಿ ಬರುವ ಬಿರುಕುಗಳಿವೆ, ಲೋಟ ತೂರುವಷ್ಟು ದೊಡ್ಡವು, ಮನುಷ್ಯ ತೂರುವಷ್ಟು ಅಲ್ಲ. ಮೇಷ್ಟ್ರು ನಕ್ಷೆ ಬಿಡಿಸಿ ತೋರಿಸಿದರು. ಅಚ್ಚುಕಟ್ಟಾದ ನಕ್ಷೆ.

ಮಣ್ಣು ಮಾಡಿದ ಮೂರನೆಯ ದಿನ ಅವಳು ಮಂಜುಗಡ್ಡೆ ಕಾರ್ಖಾನೆಗೆ ಹೋದಳು. ಮೈದುನ ಗಡ್ಡೆ ಮುಚ್ಚುವ ಹೊಟ್ಟಿನ ರಾಶಿಯ ಮೇಲೆ ಕೂತು ಕೈ ಕಾಯಿಸಿಕೊಳ್ಳುತ್ತಿದ್ದ. ಅವನ ಎದುರಿಗೆ ನೆಲದ ಮೇಲೆ ಕೂತಳು.

"ನಿನ್ನ ಸಿಲಿಂಡರ್ ಖಾಲಿ ಮಾಡಿದ್ದು ನಾನು ಕಣಪ್ಪಾ" ಎಂದಳು. ಹೊಗೆಯ ವಿಷಯ, ಕಣ್ಣಿನ ಔಷಧಿಯ ವಿಷಯ, ಕದ ಮುಂದೆ ಮಾಡಿದ್ದು, ಎಲ್ಲವನ್ನೂ ಹೇಳಿದಳು.

ಅವನು ತನ್ನ ಕೈಗಳನ್ನು ನೋಡಿಕೊಂಡ. ಮಂಜುಗಡ್ಡೆಗೆ ಬೆರಳ ತುದಿಗಳೆಲ್ಲ ಒಡೆದಿದ್ದವು.

"ಏಳು ವರ್ಷದಿಂದ ಆ ವಾಲ್ವ್ ತಿರುಗಿಸ್ತಿದೀನಿ ಅತ್ತಿಗೆ" ಎಂದ. "ಮಲಗಿದ್ರೂ ಅದೇ, ಎದ್ರೂ ಅದೇ. ಮುಚ್ಚಿದ್ನಾ, ಮುಚ್ಲಿಲ್ವಾ. ಒಂದೊಂದು ದಿನ ಮುಚ್ಚಿದ್ದು ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತಿತ್ತು. ಆಮೇಲೆ, ನೀನು ಸುಳ್ಳ, ತಪ್ಪಿಸ್ಕೊಳ್ಳೋಕೆ ಕಟ್ಟಿರೋ ಕಥೆ ಅಂತ ನನಗೆ ನಾನೇ ಹೇಳ್ಕೊಂಡೆ."

"ನನ್ನದೇ ತಪ್ಪು. ನಾಳೆನೇ ಕಚೇರಿಗೆ ಹೋಗಿ ಬರ್ಕೊಡ್ತೀನಿ. ಅತ್ತೆಗೂ ಹೇಳ್ತೀನಿ."

"ಅಮ್ಮನಿಗೆ ಹೇಳ್ಬೇಡಿ."

"ಯಾಕೆ?"

"ನನ್ನನ್ನ ಅವಳು ಆಗ್ಲೇ ಕಳ್ಕೊಂಡಿದಾಳೆ. ಅಭ್ಯಾಸ ಆಗಿದೆ. ಈಗ ನಿಮ್ಮನ್ನೂ ಕಳ್ಕೊಂಡ್ರೆ ಅವಳ ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು? ನಾನಾ? ನನ್ನ ಕೈ ನೋಡಿ." ಕೈ ಚಾಚಿ ತೋರಿಸಿದ. ಕುಡಿತಕ್ಕೆ ಅದು ನಡುಗುತ್ತಿತ್ತು. "ಚಹಾ ಕಳಿಸ್ತಿದ್ರಲ್ಲ ದಿನಾ. ಅತ್ತಿಗೆ ಒಬ್ಬಳಾದ್ರೂ ನನ್ನನ್ನ ನಂಬಿದಾಳೆ ಅಂದ್ಕೊಂಡಿದ್ದೆ" ಎಂದು ಎದ್ದು, ಕೊಕ್ಕೆ ತೆಗೆದುಕೊಂಡು ಒಳಗೆ ಹೋದ.

ಮಾರನೆಯ ದಿನ ಅವಳು ಕಚೇರಿಗೆ ಹೋದಳು. ಸಣ್ಣಗೆ ಮಾತಾಡುವ ಅಧಿಕಾರಿ ಎಂದೋ ವರ್ಗವಾಗಿ ಹೋಗಿದ್ದ. ಕಿಟಕಿಯಲ್ಲಿದ್ದ ಗುಮಾಸ್ತೆ ಅವಳು ಬರೆದು ತಂದಿದ್ದ ಎರಡು ಹಾಳೆಯನ್ನು ಓದಿ, ಒಳಗೆ ಹೋಗಿ, ಅರ್ಧ ಗಂಟೆಯಾದ ಮೇಲೆ ವಾಪಸು ಬಂದಳು.

"ಐದು ವರ್ಷ ಆದ ಫೈಲ್ ವಿಲೇವಾರಿ ಮಾಡ್ತೀವಮ್ಮಾ. ಅದು ಇಲ್ಲ ಈಗ."

"ಹಾಗಾದ್ರೆ ಅವನ ಕಾರ್ಡು?"

"ಹೊಸದಾಗಿ ಅರ್ಜಿ ಹಾಕ್ಬೇಕು. ವಯಸ್ಸೆಷ್ಟು?" ಅವಳು ಹೇಳಿದಳು. ಗುಮಾಸ್ತೆ ತಲೆಯಾಡಿಸಿದಳು. "ಮೀರಿದೆ. ಡಾಕ್ಟರ್ ಸರ್ಟಿಫಿಕೇಟೂ ಬೇಕು, ಎದೆ, ಲಿವರ್ ಎಲ್ಲ ಚೆನ್ನಾಗಿರ್ಬೇಕು."

"ನನ್ನ ಮೇಲೆ ಏನಾದ್ರೂ..."

"ಯಾವ ಫೈಲಲ್ಲಿ ಹಾಕಲಿ ಅಮ್ಮಾ?" ಎಂದು ಗುಮಾಸ್ತೆ ಹಾಳೆಗಳನ್ನು ಮಡಿಸಿ ವಾಪಸು ಕೊಟ್ಟಳು. ದನಿಯಲ್ಲಿ ಒರಟಿರಲಿಲ್ಲ. ಹಿಂದೆ ಸರತಿಯಲ್ಲಿದ್ದವರು ಮುಂದೆ ಬಂದರು.

ಅಲ್ಲಿಂದ ನೇರ ಕಾರ್ಖಾನೆಗೆ ಹೋದಳು. ಏನು ಹೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಮೇಸ್ತ್ರಿ, "ಬೆಳಿಗ್ಗೆನೇ ಕೆಲಸ ಬಿಟ್ಟ. ಉತ್ತರದ ಕಡೆ ಹೋಗೋ ಲಾರಿ ಹತ್ತಿದ್ನಂತೆ" ಎಂದ. ಬಾಡಿಗೆ ಕೋಣೆಗೆ ಹೋದರೆ ಬಾಗಿಲು ತೆರೆದೇ ಇತ್ತು. ಚಾಪೆ, ಹಳೇ ಶರಟು, ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದ ಖಾಲಿ ಬಾಟಲಿಗಳು. ಕಾಗದವೇನೂ ಬರೆದಿಟ್ಟಿರಲಿಲ್ಲ.

ಮನೆಯಲ್ಲಿ ಅತ್ತೆ ಅವಳಿಗಾಗಿ ಕಾದಿದ್ದರು. ಸುದ್ದಿ ಆಗಲೇ ಯಾರೋ ಮುಟ್ಟಿಸಿದ್ದರು.

"ಹೋದ್ನಂತೆ?"

"ಹೂಂ ಅತ್ತೆ."

"ಎಲ್ಲಿಗೆ ಅಂತ ಹೇಳಿದ್ನಾ?"

"ಇಲ್ಲ."

ಅತ್ತೆ ಗೋಡೆಗೆ ಒರಗಿ ಕಾಲು ನೀಡಿಕೊಂಡರು. "ಅವನು ಮೊದಲಿಂದಲೂ ಹಾಗೇ" ಎಂದರು. "ಬಿಟ್ಟು ಹೋಗೋ ಜಾತಿ. ಅಣ್ಣನ್ನ ಬಿಟ್ಟು ಬಂದ, ಈಗ ನನ್ನನ್ನ ಬಿಟ್ಟು ಹೋದ."

ಗಾಳಿಯಕ್ಕ ಕೂರದೆ ನಿಂತಲ್ಲೇ ನಿಂತಳು. ಹೇಳಿದರೆ ಮುದುಕಿಗೆ ಇಬ್ಬರು ಮಕ್ಕಳ ಜೊತೆ ಸೊಸೆಯೂ ಇಲ್ಲವಾಗುತ್ತಾಳೆ. ಹೇಳದಿದ್ದರೆ ಅವನು ಎಲ್ಲಿದ್ದರೂ ಬಿಟ್ಟು ಬಂದವನಾಗಿಯೇ ಉಳಿಯುತ್ತಾನೆ. ಹೇಳಬೇಡವೆಂದವನೂ ಅವನೇ.

"ಯಾಕೆ ನಿಂತಿದೀಯ?" ಎಂದರು ಅತ್ತೆ. "ಕೂತ್ಕೋ."

ಅವಳು ಅವರ ಪಕ್ಕದಲ್ಲಿ ಕೂತಳು. ಅತ್ತೆ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬಿಡಿಸಿಕೊಳ್ಳಲು ಅವಳಿಗೆ ಧೈರ್ಯ ಬರಲಿಲ್ಲ.